ಬರ್ಮಾದ ಟೋಪಿಯಲ್ಲಿ ಪಂಚಮಿಯ ಅಳ್ಳು

ಚೌಡಾಪುರದ ನಮ್ಮ ಮನೆಯಲ್ಲಿ ನಾಗರ ಪಂಚಮಿಗೆ ಜೋಳದ ಅಳ್ಳು ಹುರಿಯುವುದು ಬಾಣಲೆಯಲ್ಲಲ್ಲ, ಎರಡನೇ ಮಹಾಯುದ್ಧದಲ್ಲಿ. ನಮ್ಮ ಅತ್ತೆ ಸಕ್ಕುಬಾಯಿ ಇನ್ನೂ ಅಂಬೆಗಾಲಿಡುವಾಗ ಅವರಪ್ಪ ಇಂಗ್ಲಿಷರ ಫೌಜು ಸೇರಿ ಬರ್ಮಾಕ್ಕೆ ಹೋದರು. ಅವರು ತಿರುಗಿ ಬರಲಿಲ್ಲ. ಜೊತೆಗಾರನೊಬ್ಬ ಅವರ ಕಬ್ಬಿಣದ ಟೋಪಿ ತಂದುಕೊಟ್ಟ. ಅತ್ತೆಯ ಅವ್ವ ಅದನ್ನು ಮಡಿಲಲ್ಲಿಟ್ಟುಕೊಂಡು ಅತ್ತೂ ಅತ್ತೂ ಸಾಕಾಗಿ, ಒಳಗಿನ ಚರ್ಮ ಕಿತ್ತೆಸೆದು ಅಂಗಾತ ಒಲೆಗೇರಿಸಿದಳಂತೆ. ಜಪಾನಿನವರ ಗುಂಡಿಗೆ ಹೆದರದ ಕಬ್ಬಿಣ ಸಗಣಿ ಕುಳ್ಳಿನ ಬೆಂಕಿಗೆ ಹೆದರೀತೆ? ಅದರಲ್ಲಿ ಜೋಳ ಸಿಡಿದು ಅಳ್ಳಾಗಿ ಅರಳುವ ಚೆಂದವೇ ಬೇರೆ. ಅತ್ತೆ ಮದುವೆಯಾಗಿ ಬಂದಾಗ ಟೋಪಿಯೂ ಅವರ ಜೊತೆಗೆ ಈ ಮನೆಗೆ ಬಂತು. ಈಗಲೂ ಹಬ್ಬದ ಹಿಂದಿನ ದಿನ ಓಣಿಯ ಹೆಂಗಸರೆಲ್ಲ ಜೋಳ ಹಿಡಿದು ನಮ್ಮ ಅಡುಗೆಮನೆಗೇ ಬರುತ್ತಾರೆ.

ಪಂಚಮಿಗೆ ಹೆಣ್ಣುಮಕ್ಕಳನ್ನು ಕರೆಯಲು ತವರಿನಿಂದ ಅಪ್ಪನೋ ಅಣ್ಣನೋ ಬರಬೇಕು. ಅತ್ತೆಗೆ ಒಡಹುಟ್ಟಿದವರಿಲ್ಲ. ಮದುವೆಯಾಗಿ ಬಂದ ಮೇಲೆ ಅವರನ್ನು ಕರೆಯಲು ಒಮ್ಮೆಯೂ ಯಾರೂ ಬಂದಿಲ್ಲ. ನನ್ನ ತವರು ಹವಳಗಾದಿಂದ ತಮ್ಮನ ಮೋಟಾರ್ ಸೈಕಲ್ ಬಂದು ನಿಂತರೆ ಸಾಕು, ಅತ್ತೆ ಶುರು ಹಚ್ಚುತ್ತಾರೆ: "ಹೋಗವಾ, ನಿನಗ ಕರೀಲಾಕ ಬಂದಾರ. ನನ್ನ ತವರಮನಿ ಒಲಿ ಮ್ಯಾಲೇ ಅದ." ನಗುತ್ತಲೇ ಅನ್ನುತ್ತಾರೆ. ಆ ನಗು ಕಂಡರೆ ನನಗೆ ಬ್ಯಾಗಿಗೆ ಸೀರೆ ತುಂಬಲು ಮನಸ್ಸೇ ಬರುವುದಿಲ್ಲ.

ಈ ವರ್ಷ ನನ್ನ ಮಗಳು ಸೀಮಾ ಎಡವಟ್ಟು ಮಾಡಿದಳು. ಜೇವರ್ಗಿಯ ಕಾಲೇಜಿನಲ್ಲಿ ಇತಿಹಾಸ ಕಲಿಸುವವಳು, ಮಹಾಯುದ್ಧದ ಪ್ರದರ್ಶನಕ್ಕೆಂದು ಟೋಪಿ ಒಯ್ದು ಗಾಜಿನ ಕಪಾಟಿನಲ್ಲಿಟ್ಟು ಆರಾಮಾಗಿ ಮರೆತಳು. ಹಬ್ಬದ ಹಿಂದಿನ ಬೆಳಿಗ್ಗೆ ಓಣಿಯ ಜೋಳವೆಲ್ಲ ಬಂದು ಕೂತಿದೆ, ಟೋಪಿ ಇಲ್ಲ! ನಾನು ಬಾಣಲೆ ಇಟ್ಟೆ. ಅತ್ತೆ ಅದರತ್ತ ನೋಡಲೂ ಇಲ್ಲ, ಫೋನು ಹಿಡಿದರು.

"ಸೀಮಾ, ನಿನ್ನ ಮಹಾಯುದ್ಧ ಆಮ್ಯಾಲ ನಡಸು. ಟೊಪಗಿ ಇವತ್ತೇ ತಗೊಂಡ ಬಾ."

"ಆಯಿ, ನಾಳಿ ತರ್ತೇನಿ. ಕಪಾಟಿನ ಕೀಲಿ ಇಟ್ಕೊಂಡಾಂವ ಊರಾಗಿಲ್ಲ."

"ಕೀಲಿ ಮುರಿ!"

ಮಧ್ಯಾಹ್ನ, ಕೀಲಿ ಮುರಿದು ಸೀಮಾ ಬಸ್ಸು ಹತ್ತಿದಳೆಂದು ಫೋನು ಬಂದದ್ದೇ, ಅತ್ತೆ ಪೆಟ್ಟಿಗೆಯಿಂದ ಹೊಸ ಇಳಕಲ್ ಸೀರೆ ತೆಗೆದು ಉಟ್ಟು ಬಸ್ ನಿಲ್ದಾಣಕ್ಕೆ ಹೊರಟರು. ನಾನೂ ಬೆನ್ನು ಹತ್ತಿದೆ.

"ಟೊಪಗಿ ಕರಕೊಂಡ ಬರ್ಲಾಕ ಹೊಸ ಸೀರಿ ಯಾಕ್ರಿ ಅತ್ತಿ?" ಎಂದು ಚೇಷ್ಟೆ ಮಾಡಿದೆ. ಅವರು ರಸ್ತೆಯನ್ನೇ ನೋಡುತ್ತಿದ್ದರು.

ಬಸ್ಸಿನಿಂದ ಸೀಮಾ ಬೆವರೊರೆಸಿಕೊಳ್ಳುತ್ತ ಇಳಿದಳು, ಟೋಪಿಯನ್ನು ಎದೆಗವಚಿಕೊಂಡು. ಬೈಗುಳಕ್ಕೆ ತಯಾರಾಗಿಯೇ ಬಂದಿದ್ದಳು. ಅತ್ತೆ ಮೊಮ್ಮಗಳ ಮುಖವನ್ನೂ ನೋಡಲಿಲ್ಲ. ಮಸಿ ಹಿಡಿದ ಟೋಪಿಯನ್ನು ಎರಡೂ ಕೈಯಲ್ಲಿ ಇಸಿದುಕೊಂಡು ಅದಕ್ಕೇ ಕೇಳಿದರು:

"ಈಗ ಬಂದ್ಯೇನಪಾ, ನನಗ ಕರೀಲಾಕ?"