ಹಸಿದ ಕರುಳು

ಸಂಡೂರಿನ ಗಣಿಗಳಿಂದ ಅದಿರಿನ ಲಾರಿಗಳು ಸಾಲುಗಟ್ಟಿ ಇಳಿಯುತ್ತಿದ್ದ ವರ್ಷಗಳವು. ಅಂಥದೊಂದು ಲಾರಿ ನನ್ನ ಕೈಯಲ್ಲೂ ಇತ್ತು. ಒಂದು ಮಧ್ಯಾಹ್ನ ಪಾಪಿನಾಯಕನಹಳ್ಳಿ ಹತ್ತಿರ, ಮುಂದಿನ ಲಾರಿ ಎಬ್ಬಿಸಿದ ಕೆಂಧೂಳಿನಲ್ಲಿ ಏನೂ ಕಾಣದೆ ಅದಕ್ಕೇ ಹೋಗಿ ಗುದ್ದಿದೆ. ಸ್ಟೇರಿಂಗು ಹೊಟ್ಟೆಗೆ ಒತ್ತಿ ದೊಡ್ಡ ಕರುಳು ಹರಿಯಿತು.

ಬಳ್ಳಾರಿಯಲ್ಲಿ ಆಪರೇಷನ್ ಆಯಿತು. ಗಾಯ ಮಾಯುವವರೆಗೆ ಎಂದು ಹರಿದ ಕರುಳಿನ ಮೇಲ್ತುಂಡಿನ ತುದಿಯನ್ನು ಹೊಟ್ಟೆಯಿಂದ ಹೊರಗೆ ತೆಗೆದು ಚೀಲ ಅಂಟಿಸಿದರು. ಮಲವೆಲ್ಲ ಆ ಚೀಲಕ್ಕೆ. ಕರುಳಿನ ಕೆಳಗಿನ ತುಂಡಿಗೆ ಯಾವ ಕೆಲಸವೂ ಉಳಿಯಲಿಲ್ಲ.

ಕೆಲವು ತಿಂಗಳ ಮೇಲೆ ಏನೂ ಹಾಯದ ಆ ಕೆಳದಾರಿಯಿಂದಲೇ ರಕ್ತ ಬರತೊಡಗಿತು. ಕ್ಯಾನ್ಸರೇ ಇರಬೇಕೆಂದು ಒಳಗೊಳಗೇ ಕುಸಿದೆ. ಲುಂಗಿಯ ಕಲೆ ಕಂಡ ಹೆಂಡತಿ ಮರುದಿನವೇ ಬಳ್ಳಾರಿ ಆಸ್ಪತ್ರೆಗೆ ಎಳೆದುಕೊಂಡು ಹೋದಳು.

ಡಾಕ್ಟರಮ್ಮ ದೀಪದ ನಳಿಗೆ ಹಾಕಿ ನೋಡಿದರು. ಪರದೆಯ ಮೇಲೆ ಕರುಳು ಕೆಂಪಗೆ, ಊದಿಕೊಂಡು ಕಂಡಿತು.

"ಕ್ಯಾನ್ಸರೇನ್ರಿ?" ಎಂದೆ.

"ಅಲ್ರಿ. ಈ ಕರುಳಿಗೆ ಹಸಿವಾಗೇತಿ."

"ದಿನಾ ರೊಟ್ಟಿ, ಕಾಳಪಲ್ಯ ಹೊಟ್ಟಿ ತುಂಬ ಉಣ್ತಾರಲ್ರಿ!" ಎಂದಳು ಹೆಂಡತಿ.

"ಅದು ಇಲ್ಲೀತನ ಮುಟ್ಟಂಗಿಲ್ಲವಾ. ಜ್ವಾಳದ್ದು, ಕಾಳಿಂದು ನಾರು ನಮಗ ಅರಗಂಗಿಲ್ಲ. ಕಣ್ಣಿಗೆ ಕಾಣದ ಕೋಟಿಗಟ್ಟಲೆ ಜೀವ ಕರುಳಾಗ ಅದಾವು. ಅವು ಆ ನಾರನ್ನ ಹುಳಿಬರಿಸಿ ಒಂದು ನಮೂನಿ ಕೊಬ್ಬಿನ ಆಮ್ಲ ಮಾಡ್ತಾವು. ಬೆಣ್ಣ್ಯಾಗೂ ಇರ್ತೈತಿ ಅದು. ದೊಡ್ಡ ಕರುಳಿನ ಒಳಪದರಕ್ಕ ಅದ ಮುಖ್ಯ ಊಟ. ರಕ್ತ ಹರಿತೈತಿ ಖರೆ, ಅದೊಂದ ಸಾಲಂಗಿಲ್ಲ."

"ಔಷಧ ಏನ್ರಿ?" ಎಂದೆ.

"ಕರುಳು ಮತ್ತ ಜೋಡಿಸ್ತೀವಿ. ಊಟ ಸಿಕ್ಕರ ತಾನ ಮಾಯ್ತೈತಿ."

ಊರಿಗೆ ಮರಳುವಾಗ ಹೊಸಪೇಟೆ ಬಸ್ಸಿನಲ್ಲಿ ದಾರಿಯುದ್ದಕ್ಕೂ ಹೊಟ್ಟೆಯ ಮೇಲಿಂದ ಕೈ ತೆಗೆಯಲಿಲ್ಲ. ಉಣ್ಣುವವನು ನಾನೊಬ್ಬನೇ ಎಂದುಕೊಂಡು ಇಷ್ಟು ವರ್ಷ ಬದುಕಿದ್ದೆ. ನನ್ನೊಳಗೇ ಲೆಕ್ಕವಿಲ್ಲದಷ್ಟು ಜೀವಗಳು ಕತ್ತಲಲ್ಲಿ ಕೂತು ನನಗಾಗಿ ಅಡುಗೆ ಮಾಡುತ್ತಿದ್ದವು. ನಾನು ಲಾರಿ ಓಡಿಸುವಾಗಲೂ, ಗೊರಕೆ ಹೊಡೆಯುವಾಗಲೂ. ಅವುಗಳ ಕೆಲಸ ನಿಂತಲ್ಲಿ ನನ್ನದೇ ಮೈ ಉಪವಾಸ ಬಿದ್ದಿತ್ತು.

ಆಪರೇಷನ್ ಮಾಡಿ ಕರುಳು ಜೋಡಿಸಿದರು. ಮೆತ್ತನೆಯ ಅನ್ನದಿಂದ ಶುರುವಾಗಿ ನಿಧಾನಕ್ಕೆ ರೊಟ್ಟಿಗೆ ಬಂದೆ. ರಕ್ತ ಕಡಿಮೆಯಾಗುತ್ತಾ ನಿಂತೇ ಹೋಯಿತು. ಮತ್ತೆ ಪರದೆಯಲ್ಲಿ ತೋರಿಸಿದಾಗ ಕರುಳು ಕೂಸಿನ ಅಂಗೈಯಂತೆ ತಿಳಿಗುಲಾಬಿ ಬಣ್ಣಕ್ಕೆ ತಿರುಗಿತ್ತು.

"ಜೋಡಿಸಿದ್ದಷ್ಟ ನಾವು. ಉಳಿದದ್ದೆಲ್ಲಾ ಒಳಗಿರೋ ಆ ಜೀವಗಳೇ ಮಾಡ್ಯಾವ," ಎಂದರು ಡಾಕ್ಟರಮ್ಮ.

ಹೆಂಡತಿ ಎರಡೂ ಕೈ ಜೋಡಿಸಿದಳು.

"ನನಗ್ಯಾಕವಾ?"

"ನಿಮಗೂ ಹೌದ್ರಿ. ಒಳಗ ಕುಂತು ಇವರನ್ನ ಸಾಕಾಕತ್ತಾರಲ್ರಿ, ಅವರಿಗೂ."

ಡಾಕ್ಟರಮ್ಮ ನಕ್ಕರು. ನಾನು ತಲೆ ಬಗ್ಗಿಸಿ ನನ್ನ ಹೊಟ್ಟೆಗೇ ಕೈ ಮುಗಿದೆ.