ಲಿಫ್ಟಿನ ಕೀಲಿ ಲಮ್ಯೈ ಅಕ್ಕನ ಸೊಂಟದಲ್ಲಿ
ಥಾಯ್ಲೆಂಡಿನ ಖೋನ್ ಕೇನ್ ಪಟ್ಟಣದ ಒಂದು ಸರ್ಕಾರಿ ಕಚೇರಿಯಲ್ಲಿ ಕರೆಂಟು, ನೀರು, ಕಾಗದ ಉಳಿಸುವ ಉಸ್ತುವಾರಿ ಲಮ್ಯೈ ಅಕ್ಕನದು. ಊಟದ ಹೊತ್ತಿಗೆ ಅವಳು ಏಸಿ ಆರಿಸಿದಳೆಂದರೆ ಸಾಹೇಬರ ಕೈಯಲ್ಲಿರುವ ಅನ್ನದುಂಡೆಯೂ ಬೆವರುತ್ತದೆ. ಏಸಿಯಿಂದ ತೊಟ್ಟಿಕ್ಕಿದ ನೀರೆಲ್ಲ ನಿಂಬೆಹುಲ್ಲಿನ ಕುಂಡಕ್ಕೆ ಹೋಗಬೇಕು. ಶೌಚಾಲಯದಲ್ಲಿ ಯಾರಾದರೂ ಹಾಡು ಗುನುಗಿದರೆ, "ಮುಂದಿನ ಚರಣ ಹೊರಗ್ ಬಂದ್ ಹಾಡ್ಕೋ ತಮ್ಮಾ, ಲೈಟ್ ಆರಿಸ್ತಾ ಇದೀನಿ" ಅನ್ನುತ್ತಾಳೆ. ಲಿಫ್ಟಿಗೂ ಬೀಗ. ಈ ತಿಂಗಳು ಕರೆಂಟಿನ ಖರ್ಚು ಇಳಿಯದಿದ್ದರೆ ಅವಳ ಗುತ್ತಿಗೆ ಕೆಲಸ ಹೋಗುತ್ತದೆಂದು ಎಲ್ಲರಿಗೂ ಗೊತ್ತು. ಆದರೂ ಮಂಡಿ ಹಿಡಿದುಕೊಂಡು ಯಾರಾದರೂ ಮುದುಕರು ಬಂದರೆ ಬೀಗ ತೆಗೆದು, "ಲಿಫ್ಟ್ ಪರೀಕ್ಷೆ ಮಾಡ್ಬೇಕಿತ್ತು ತಾತ, ತೂಕಕ್ಕೆ ಅಂತ ಸ್ವಲ್ಪ ಒಳಗ್ ನಿಂತ್ಕೊಳ್ಳಿ" ಅನ್ನುತ್ತಾಳೆ. ಅವರನ್ನು ಮೇಲೆ ಬಿಟ್ಟು ಬಂದವಳು ತನ್ನ ಮೇಜಿನ ಫ್ಯಾನ್ ಆರಿಸಿ, ಸಂಜೆಯವರೆಗೂ ಒಂದು ರಟ್ಟಿನ ತುಂಡಿನಿಂದ ಗಾಳಿ ಬೀಸಿಕೊಳ್ಳುತ್ತಾಳೆ.