ಮೊಮ್ಮಗಳ ಕೈಗೆ ನೀಲಿ ಪಟ್ಟಿ

ಆಸ್ಪತ್ರೆಯ ಬಾಗಿಲಲ್ಲಿ ನಿಲ್ಲುವ ಆಯಾಗೆ ಎಲ್ಲರೂ ಇಟ್ಟ ಹೆಸರು ಗಂಟೆಯಕ್ಕ. ಬಾಯಿ ತೆಗೆದರೆ ಮೂರನೇ ಮಹಡಿಯ ರೋಗಿಯೂ ಎದ್ದು ಕೂರಬೇಕು, ಅಂಥ ಗಂಟಲು. ಈ ಸಲ ಡೆಂಗಿ, ದಡಾರ, ಕೆಮ್ಮಿನ ಜ್ವರ ಮೂರೂ ಮಾತಾಡಿಕೊಂಡವರಂತೆ ಒಟ್ಟಿಗೇ ವಕ್ಕರಿಸಿದ್ದವು. ದಾದಿಯರಲ್ಲಿ ಅರ್ಧ ಜನ ತಾವೇ ಹಾಸಿಗೆ ಹಿಡಿದಿದ್ದರು. ಹಾಗಾಗಿ ಬಂದವರನ್ನು ವಿಂಗಡಿಸುವ ಕೆಲಸ ಗಂಟೆಯಕ್ಕನ ತಲೆಗೆ ಬಂತು. ಗಲ್ಲ ಎತ್ತಿ ಕಣ್ಣು ನೋಡಬೇಕು, ಕಿವಿ ಮಡಚಿ ಹಿಂದೆ ದದ್ದು ಇದೆಯಾ ನೋಡಬೇಕು, ಕೈಗೆ ಬಟ್ಟೆಪಟ್ಟಿ ಕಟ್ಟಬೇಕು. ದಡಾರಕ್ಕೆ ಕೆಂಪು, ಕೆಮ್ಮಿಗೆ ಬಿಳಿ, ಬರೀ ಜ್ವರಕ್ಕೆ ನೀಲಿ; ಬಣ್ಣಕ್ಕೊಂದು ಕೋಣೆ. ಇಪ್ಪತ್ತು ದಿನದಲ್ಲಿ ಒಂದೂ ತಪ್ಪಿರಲಿಲ್ಲ. ಆ ಜಂಬ ಅವಳಿಗಿತ್ತು. ಇರಲಿ ಬಿಡಿ, ಬೇರೆ ಯಾವ ಸುಖವಿತ್ತು?

ಆ ಬೆಳಿಗ್ಗೆ ಸಾಲಿನಲ್ಲಿ ಮಗಳೂ ಬಂದಳು, ಸೊಂಟದ ಮೇಲೆ ಮೊಮ್ಮಗಳು.

"ಅಮ್ಮಾ, ಮೈ ಕೆಂಡ ಆಗಿದೆ. ಸರಿಯಾಗಿ ನೋಡಮ್ಮ."

"ಮನೆಯವ್ರಲ್ವಾ, ಇನ್ನು ಅರ್ಧ ಗಂಟೆ ನೋಡ್ತಾಳೆ" ಎಂದು ಹಿಂದಿನಿಂದ ಯಾರೋ ಗೊಣಗಿದರು.

ಗಂಟೆಯಕ್ಕನಿಗೆ ಮೈಯೆಲ್ಲ ಉರಿಯಿತು. "ಇಲ್ಲಿ ನಮ್ಮವ್ರು ತಮ್ಮವ್ರು ಯಾರೂ ಇಲ್ಲ!" ಎಂದವಳೇ ನೀಲಿ ಪಟ್ಟಿ ಬಿಗಿದು ಒಳಗೆ ಕಳಿಸಿಬಿಟ್ಟಳು. ಕಿವಿ ಮುಟ್ಟಲಿಲ್ಲ.

ಆಮೇಲೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಒಂದು ಗಲ್ಲ ಎತ್ತಿದರೆ ಎರಡು ಸಲ ಆ ಕೋಣೆಯ ಕಿಟಕಿಯತ್ತ ನೋಟ. ಸಾಲು ಕರಗುವ ಲಕ್ಷಣವಿಲ್ಲ, ಬಾಗಿಲು ಬಿಡುವಂತಿಲ್ಲ. ಮಧ್ಯಾಹ್ನ ತಡೆಯಲಾರದೆ ನೀಲಿಯವರ ಕೋಣೆಗೆ ಓಡಿ, ಮೊಮ್ಮಗಳ ಕಿವಿ ಮಡಚಿದಳು. ಕೆಂಪು ದದ್ದು, ಕತ್ತಿನವರೆಗೆ ಇಳಿದಿತ್ತು.

ಮುಚ್ಚಿದ ಕೋಣೆ. ಹನ್ನೊಂದು ಮಕ್ಕಳು ಮೂರು ತಾಸಿನಿಂದ ಅದೇ ಗಾಳಿ ಕುಡಿದಿದ್ದವು. ಪಕ್ಕದ ತಾಯಿಯ ಮಡಿಲಲ್ಲಿದ್ದ ಐದು ತಿಂಗಳ ಕೂಸಿಗೆ ದಡಾರದ ಲಸಿಕೆ ಹಾಕುವ ವಯಸ್ಸೂ ಆಗಿರಲಿಲ್ಲ. ಕೆಂಪು ಪಟ್ಟಿ ಗಂಟೆಯಕ್ಕನ ಜೇಬಿನಲ್ಲೇ ಇತ್ತು. ಸದ್ದಿಲ್ಲದೆ ಬದಲಾಯಿಸಿದರೆ ಯಾರಿಗೂ ತಿಳಿಯುವುದಿಲ್ಲ. ಕೈ ಜೇಬಿಗೆ ಹೋಗಿಯೂ ಹೋಯಿತು.

"ಎಲ್ರೂ ಕೇಳಿ!" ಗಂಟಲು ಮೊದಲ ಬಾರಿಗೆ ಒಡೆಯಿತು. "ಈ ಮಗೂಗೆ ದಡಾರ. ನನ್ ಮೊಮ್ಮಗಳು. ಎಲ್ರ ಮಕ್ಕಳನ್ನೂ ನೋಡ್ದೆ, ಇವಳನ್ನ ನೋಡ್ಲಿಲ್ಲ. ತಪ್ಪು ನಂದು. ಯಾರೂ ಮನೆಗೆ ಹೋಗ್ಬೇಡಿ, ಈಗ್ಲೇ ಡಾಕ್ಟರನ್ನ ಕರೀತೀನಿ."

ಕೋಣೆ ಕೂಗಾಟದಿಂದ ತುಂಬಿಹೋಯಿತು. ಒಬ್ಬಳು ಪಟ್ಟಿ ಬಿಚ್ಚಿ ಅವಳ ಮುಖಕ್ಕೇ ಎಸೆದಳು. ಕೂಸಿನ ತಾಯಿ ಮಾತ್ರ ಎದ್ದು ಬಂದು ಮಗುವನ್ನು ಮುಂದೆ ಹಿಡಿದಳು.

"ಅಕ್ಕಾ, ನೀವೇ ಒಂದ್ಸಲ ನೋಡಿ."

ಅಂಟಿದ್ದರೂ ಹತ್ತು ದಿನ ಏನೂ ಕಾಣುವುದಿಲ್ಲವೆಂದು ಗಂಟೆಯಕ್ಕನಿಗೆ ಗೊತ್ತಿತ್ತು. ಆದರೂ ಕೂಸನ್ನು ಬೆಳಕಿಗೆ ತಿರುಗಿಸಿ, ಎರಡೂ ಕಿವಿ ಮಡಚಿ ನೋಡಿದಳು.